ಎರಡನೇ ಸಲ ಕೇಳಿದವರಿಗೆ ಬಾಡಿಗೆ ಇಲ್ಲ

ಮಾರ್ಚ್ 4

ಮಿಡತೆ,

ಫೋನಿನಲ್ಲಿ ನಿನ್ನ ಜೊತೆ ಮಾತಾಡಿದ್ದು ಸಾಕು. ನಾನು ಏನು ಹೇಳಿದರೂ ನೀನು ಹೂಂ ಅನ್ನುತ್ತೀಯ. ಊಟ ಆಯಿತಾ ಎಂದರೆ ಹೂಂ. ಪರೀಕ್ಷೆ ಏನಾಯಿತು ಎಂದರೂ ಹೂಂ. ಅದು ಪಾಸಾದ ಹೂಂ ಅಲ್ಲ, ಫೇಲಾದ ಹೂಂ ಅಲ್ಲ, ಕತೆ ಕೇಳುತ್ತಾ ಮಲಗಿದ ಮಗು ನಿದ್ದೆಗಣ್ಣಲ್ಲಿ ಹಾಕುವ ಹೂಂ. ಅದನ್ನೇ ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ ಅಂಟಿಸುವಾಗಲಾದರೂ ನಿನಗೆ ನಾಚಿಕೆಯಾದೀತು. ಆದ್ದರಿಂದ ಇನ್ನು ಮೇಲೆ ಬರೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಾನೇ ಬರೆಯುತ್ತಿದ್ದೇನೆ ಎಂದ ಮೇಲೆ ನಿನಗೇನು ರೋಗ?

ನಿನ್ನ ಅಮ್ಮ ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟುಕೊಂಡು ಅಳುತ್ತಾಳೆ. ಮೂಗು ಒರೆಸಲು ಗಿರಾಕಿಯ ಬಟ್ಟೆಯನ್ನೇ ಹಿಡಿದಿದ್ದಳು, ಕಿತ್ತುಕೊಂಡೆ. ನನ್ನ ತಂಗಿಯ ಬಾಯಿಂದ ಹೊರಬಿದ್ದದ್ದು ಇಷ್ಟು: ವಿಮಾನ ಓಡಿಸುವ ಕೊನೆಯ ಪರೀಕ್ಷೆಯಲ್ಲಿ ನೀನು ಬಿದ್ದೆ. ಇನ್ನೆರಡು ಅವಕಾಶ ಇದೆ. ಅಲ್ಲೂ ಬಿದ್ದರೆ ಪೆಟ್ಟಿಗೆ ಕಟ್ಟಿಸಿ ಮನೆಗೆ ಕಳಿಸುತ್ತಾರೆ. ನಿಜವೇ? ಇನ್ನೊಂದು, ಆ ವಿಮಾನ ನೆಲದಿಂದ ಏಳುವುದೇ ಇಲ್ಲವಂತೆ. ಏಳದೆ ಇರುವ ವಿಮಾನದಿಂದ ಅದು ಹೇಗೆ ಬಿದ್ದೆ ಎನ್ನುವುದನ್ನೂ ವಿವರವಾಗಿ ಬರೆ.

ಇಲ್ಲಿ ಎಲ್ಲ ಹಾಗೇ ಇದೆ. ಟ್ಯಾಕ್ಸಿ ಆಫೀಸಿನ ವೈರ್‌ಲೆಸ್ ರೂಮು, ಅದೇ ಮೇಜು, ಅದರ ಕೆಳಗೆ ನೀನು ಚಾಕ್‌ಪೀಸಿನಿಂದ ಬರೆದ ಅದೇ ವಿಮಾನ. ಫ್ಯಾನು ಮಾತ್ರ ಕಿರುಗುಟ್ಟುವುದನ್ನು ನಿಲ್ಲಿಸಿದೆ. ಯಾವ ಪುಣ್ಯಾತ್ಮ ಎಣ್ಣೆ ಬಿಟ್ಟನೋ.

ದೊಡ್ಡಮ್ಮ

*

ಮಾರ್ಚ್ 11

ದೊಡ್ಡಮ್ಮ,

ಹೂಂ.

ಇಷ್ಟೇ ಬರೆದು ಕಳಿಸೋಣ ಎಂದುಕೊಂಡೆ. ಮರುದಿನವೇ ನೀನು ಬಸ್ಸು ಹತ್ತಿ ಬಂದು ಹಾಸ್ಟೆಲ್ಲಿನ ಗೇಟಿನಲ್ಲಿ ನಿಲ್ಲುತ್ತೀಯ ಎಂಬ ಭಯಕ್ಕೆ ಮುಂದುವರಿಸುತ್ತಿದ್ದೇನೆ.

ಅಮ್ಮ ಹೇಳಿದ್ದು ನಿಜ. ಇನ್ನೆರಡು ಅವಕಾಶ, ಮೊದಲನೆಯದು ಮಾರ್ಚ್ ಮೂವತ್ತಕ್ಕೆ. ಎರಡೂ ಹೋದರೆ ಮನೆ.

ನೆಲ ಬಿಡದ ವಿಮಾನದಿಂದಲೂ ಬೀಳಬಹುದು. ಸಿಮ್ಯುಲೇಟರ್ ಎಂದರೆ ದೊಡ್ಡ ಶೆಡ್ಡಿನಲ್ಲಿ ಕಬ್ಬಿಣದ ಕಾಲುಗಳ ಮೇಲೆ ನಿಂತ ಬಿಳಿಯ ಕೋಣೆ. ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡರೆ ನಿಜವಾದ ಕಾಕ್‌ಪಿಟ್ಟು, ಕಿಟಕಿಯಲ್ಲಿ ಚಿತ್ರದ ಆಕಾಶ. ಕಾಲುಗಳು ಕೋಣೆಯನ್ನು ಎತ್ತಿ ಓಲಾಡಿಸುತ್ತವೆ. ಸುಳ್ಳು ಎಂದು ತಲೆಗೆ ಗೊತ್ತು, ಹೊಟ್ಟೆಗೆ ಗೊತ್ತಾಗುವುದಿಲ್ಲ.

ಇಬ್ಬರು ಕೂರುತ್ತೇವೆ. ನನ್ನ ಜೊತೆಗಾರನನ್ನು ಎಲ್ಲರೂ ಉದ್ದಣ್ಣ ಎನ್ನುತ್ತಾರೆ, ಬಾಗಿಲಿಗೆ ತಲೆ ಬಡಿಸಿಕೊಳ್ಳದೆ ಅವನು ಒಂದು ದಿನವೂ ಒಳಗೆ ಬಂದಿಲ್ಲ. ಅವನು ಹಾರಿಸುವಾಗ ರೇಡಿಯೊ ನನ್ನ ಪಾಲು. ಕೆಳಗಿನಿಂದ ದಾರಿ ಹೇಳುವ ಕಂಟ್ರೋಲರ್ ಇಲ್ಲಿ ಮನುಷ್ಯರಲ್ಲ, ಕಂಪ್ಯೂಟರಿನ ಹೆಣ್ಣುದನಿ. ಇಷ್ಟು ಎತ್ತರಕ್ಕೆ ಇಳಿಯಿರಿ, ಈ ಕಡೆ ತಿರುಗಿ, ಆ ರನ್‌ವೇಗೆ ಬನ್ನಿ ಎನ್ನುತ್ತಾಳೆ. ನಾವು ಮಾತಾಡಿದರೆ ಅವಳಿಗೆ ಅರ್ಥವಾಗುತ್ತದೆ, ಉತ್ತರವನ್ನೂ ಕೊಡುತ್ತಾಳೆ. ಅವಳು ಹೇಳಿದ್ದನ್ನು ನಾನು ತಿರುಗಿ ಹೇಳಬೇಕು, ಥೇಟ್ ನಿನ್ನ ಡ್ರೈವರುಗಳ ಹಾಗೆ. ಆಮೇಲೆ ಅದನ್ನು ಮೊಣಕಾಲಿನ ಪಕ್ಕದಲ್ಲಿರುವ ಫ್ಲೈಟ್ ಮ್ಯಾನೇಜ್‌ಮೆಂಟ್ ಕಂಪ್ಯೂಟರಿಗೆ ಒತ್ತಬೇಕು. ನಾವು ಅದನ್ನು ಡಬ್ಬಿ ಎನ್ನುತ್ತೇವೆ. ಡಬ್ಬಿಗೆ ಕೊಟ್ಟ ದಾರಿಯನ್ನು ವಿಮಾನ ಹಿಡಿಯುತ್ತದೆ. ತಪ್ಪು ದಾರಿ ಕೊಟ್ಟರೂ ಅಷ್ಟೇ ವಿಧೇಯವಾಗಿ ಹಿಡಿಯುತ್ತದೆ. ಒತ್ತಿದ್ದೆಲ್ಲ ಮುಗಿದ ಮೇಲೆ ಒಂದು ಗುಂಡಿ ದೀಪ ಹತ್ತಿಸಿಕೊಂಡು ಕಾಯುತ್ತದೆ, ಖಚಿತವೇ ಎಂದು ಕೇಳುವ ಹಾಗೆ. ಅದನ್ನು ಒತ್ತಿದರೆ ಮುಗಿಯಿತು.

ಇಳಿಯುವ ಹೊತ್ತಿಗೆ ಅವಳು ರನ್‌ವೇ ಬದಲಾಯಿಸಿದಳು. ಬಹಳ ಜೋರಾಗಿ, ಬಹಳ ವೇಗವಾಗಿ ಮಾತಾಡುತ್ತಾಳೆ. ನಾನು ಡಬ್ಬಿಗೆ ಒತ್ತಿದ್ದು ತಪ್ಪಾಯಿತು. ಅಷ್ಟೇ ನಡೆದದ್ದು.

ಮಿಡತೆ

*

ಮಾರ್ಚ್ 17

ಮಿಡತೆ,

ಮೊದಲು ನಿನ್ನ ಪತ್ರವನ್ನು ತಿರುಗಿ ಹೇಳುತ್ತೇನೆ. ಬಿಳಿ ಕೋಣೆ. ಕಬ್ಬಿಣದ ಕಾಲು. ಉದ್ದಣ್ಣ. ಮಾತಾಡುವ ಯಂತ್ರ. ಡಬ್ಬಿ. ದೀಪದ ಗುಂಡಿ. ರನ್‌ವೇ ಬದಲಾಯಿತು, ತಪ್ಪು ಒತ್ತಿದೆ, ಅಷ್ಟೇ.

ಈ "ಅಷ್ಟೇ" ಇದೆಯಲ್ಲ, ಇದು ನಿನ್ನ ಹೂಂಗೆ ಹೊಸ ಅಂಗಿ ತೊಡಿಸಿದ್ದು. ಅವಳು ಹೇಳಿದ ನಂಬರ್ ಯಾವುದು? ನೀನು ತಿರುಗಿ ಹೇಳಿದ್ದು ಯಾವುದು? ಒತ್ತಿದ್ದು ಯಾವುದು? ಮೂರೂ ನಿನ್ನ ಪತ್ರದಲ್ಲಿಲ್ಲ. ಕಳ್ಳ ಮೂರು ಕೋಣೆ ತೋರಿಸಿ ನಾಲ್ಕನೆಯದಕ್ಕೆ ಬೆನ್ನು ಕೊಟ್ಟು ನಿಂತ ಹಾಗಾಯಿತು.

ನಮ್ಮ ಡ್ರೈವರ್ ಮೀಸೆ ಗೊತ್ತಲ್ಲ, ಅವನ ಲ್ಯಾಪ್‌ಟಾಪಿನಲ್ಲಿ ಇದೇ ಆಟ ಇದೆಯಂತೆ. ಬಾಡಿಗೆ ಇಲ್ಲದ ಹೊತ್ತಿನಲ್ಲಿ ವಿಮಾನ ಓಡಿಸುತ್ತಾನೆ. ಕಾರನ್ನೇ ನೆಟ್ಟಗೆ ನಿಲ್ಲಿಸಲು ಬರುವುದಿಲ್ಲ. ನಿನ್ನೆ ಅದನ್ನು ವೈರ್‌ಲೆಸ್ ರೂಮಿಗೆ ತರಿಸಿ ನಿನ್ನ ಯಂತ್ರದ ಹೆಂಗಸಿನ ಮಾತು ಕೇಳಿಸಿಕೊಂಡೆ. ಜೋರು ಎಂದೆಯಲ್ಲ, ಎಲ್ಲಿಯ ಜೋರು? ಬಾಯಿಗೆ ಬಟ್ಟೆ ತುರುಕಿದವರ ಹಾಗೆ ಗೊಣಗುತ್ತಾಳೆ. ಮೀಸೆಗೆ ದನಿ ಏರಿಸು ಎಂದೆ. ಏರಿಸಿದ. ಇನ್ನೂ ಏರಿಸೋ ಎಂದೆ. "ಇದಕ್ಕಿಂತ ಏರ್ಸಿದ್ರೆ ರಸ್ತೆಯವರು ಬಂದು ಹೊಡೀತಾರಮ್ಮಾ" ಎಂದ. ಕಿಟಕಿಯಲ್ಲಿ ನಿಜವಾಗಿ ಒಬ್ಬ ಇಣುಕಿ ನೋಡಿ ಹೋದ. ಅಗ್ಗದ ಸ್ಪೀಕರಿರಬೇಕು.

ಆದರೂ ಅವಳ ಕೆಲಸ ನನ್ನ ಕೆಲಸವೇ. ನಾನು ವಿಳಾಸ ಹೇಳುತ್ತೇನೆ, ಡ್ರೈವರ್ ತಿರುಗಿ ಹೇಳುತ್ತಾನೆ, ಗಾಡಿ ಹೊರಡುತ್ತದೆ. ಹೂಂ ಅಂದವನ ಗಾಡಿಯನ್ನು ನಾನು ಬಿಡುವುದಿಲ್ಲ. ಏನಂದ್ರಿ, ಮತ್ತೆ ಹೇಳಿ ಅಂದವನಿಗೆ ಬಾಡಿಗೆ ಇಲ್ಲ, ಅದು ಮುಂದಿನವನಿಗೆ. ಹಾಗೆ ಮಾಡಿದ್ದಕ್ಕೇ ನನ್ನ ಡ್ರೈವರುಗಳ ಕಿವಿ ನಾಯಿಯ ಕಿವಿಯ ಹಾಗೆ ನೆಟ್ಟಗಿರುವುದು. ನೀನೂ ಮೊದಲನೇ ಸಲಕ್ಕೇ ಹಿಡಿದುಕೋ. ಉಳಿದದ್ದು ತಾನಾಗಿ ಬರುತ್ತದೆ.

ನಂಬರ್ ಬರೆ.

ದೊಡ್ಡಮ್ಮ

*

ಮಾರ್ಚ್ 23

ದೊಡ್ಡಮ್ಮ,

ಅವಳು ಹೇಳಿದ್ದು ಮೂರು-ಒಂದು. ನಾನು ಒತ್ತಿದ್ದು ಒಂದು-ಮೂರು.

ರನ್‌ವೇ ಒಂದೇ, ತುದಿ ಎರಡು. ಈ ತುದಿಯಿಂದ ಬಂದರೆ ಹದಿಮೂರು, ಆ ತುದಿಯಿಂದ ಬಂದರೆ ಮೂವತ್ತೊಂದು. ರೇಡಿಯೊದಲ್ಲಿ ಅಂಕಿಗಳನ್ನು ಬಿಡಿಸಿಯೇ ಹೇಳುತ್ತಾರೆ. ನಾನು ಒತ್ತಿದ್ದರಿಂದ ನಮ್ಮ ವಿಮಾನ ನಿಧಾನವಾಗಿ, ಬಹಳ ಸೊಗಸಾಗಿ ತಿರುಗಿ, ಎದುರು ತುದಿಯಿಂದ ಮೇಲೇರುತ್ತಿದ್ದ ಇನ್ನೊಂದು ವಿಮಾನದ ಮುಖಕ್ಕೆ ಹೋಯಿತು. ಚಿತ್ರದ ವಿಮಾನವೇ. ಆದರೆ ಅದರ ದೀಪಗಳು ದೊಡ್ಡದಾಗುತ್ತಾ ಬಂದಾಗ ಉದ್ದಣ್ಣ ಸ್ವಂತ ತಾಯಿಯನ್ನು ಕೂಗಿದ.

ತಿರುಗಿ ಏನು ಹೇಳಿದೆ ಎಂದು ಕೇಳಿದ್ದೀಯ. ನಂಬರನ್ನೇ ಹೇಳಲಿಲ್ಲ. "ಸರಿ, ತಿಳಿಯಿತು" ಎಂದೆ. ಮನುಷ್ಯ ಕಂಟ್ರೋಲರ್ ಆಗಿದ್ದರೆ ನಂಬರ್ ಹೇಳಿಸದೆ ಬಿಡುತ್ತಿರಲಿಲ್ಲ. ನಮ್ಮ ಪರೀಕ್ಷಕರು ಬೇಕೆಂದೇ ಯಂತ್ರವನ್ನು ಹಾಗೆ ಇಟ್ಟಿದ್ದರಂತೆ, ನಾವು ಹೇಳದಿದ್ದರೆ ಅದು ಕೆದಕುವುದಿಲ್ಲ. ಅವರು ಮಾತಾಡುವುದಕ್ಕಿಂತ ಕೈಗಡಿಯಾರ ನೋಡುವುದೇ ಹೆಚ್ಚು, ಅದಕ್ಕೆ ಅವರ ಹೆಸರೇ ಗಡಿಯಾರ.

ಭಾನುವಾರ ಬೆಳಗ್ಗೆ ನಿನಗೆ ಮತ್ತೆ ಮತ್ತೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ಕಡಿದುಹೋಯಿತು. ಅಮ್ಮನಿಗೆ ಮಾಡಿದರೆ, "ಅಕ್ಕ ಇಲ್ಲೇ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸ್ತಿದಾಳಲ್ಲೇ" ಎಂದಳು. ಸಿಟ್ಟು ಮಾಡಿಕೊಂಡಿದ್ದೀಯಾ? ನೀನು ಹಿಂದೆ ಸಿಟ್ಟು ಬಂದರೆ ಫೋನು ಎತ್ತಿ ಬೈದು ಇಡುತ್ತಿದ್ದೆ. ಎತ್ತದೆ ಇರುವುದು ಹೊಸದು.

ಮೂವತ್ತಕ್ಕೆ ಪರೀಕ್ಷೆ.

ಮಿಡತೆ

*

ಮಾರ್ಚ್ 26

ಮಿಡತೆ,

ಕೆಲಸ ಇತ್ತು. ಫೋನು ಎತ್ತಲಿಲ್ಲ. ಅದಕ್ಕೊಂದು ಪುರಾಣ ಬೇಡ.

ನಂಬರ್ ಬರೆದದ್ದು ಒಳ್ಳೆಯದಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ನಿನ್ನ ದೀಪದ ಗುಂಡಿ ಒತ್ತಿದರೆ ಹೋಯಿತು. ಈ ಸಲ ಎಲ್ಲವನ್ನೂ ತಿರುಗಿ ಹೇಳು. ಒಂದಂಕಿಯನ್ನೂ ನುಂಗಬೇಡ.

ಉಪದೇಶ ಉದ್ದ ಮಾಡಿದರೆ ನಿನ್ನ ತಲೆಗೆ ಹೋಗುವುದಿಲ್ಲ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅದಕ್ಕೇ ಒಂದೇ ಪದ ಕಳಿಸುತ್ತಿದ್ದೇನೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಆ ಕೋಣೆಯೊಳಗೆ ಹೋಗು.

ಕೇಳು.

ದೊಡ್ಡಮ್ಮ

*

ಏಪ್ರಿಲ್ 1

ದೊಡ್ಡಮ್ಮ,

ಮತ್ತೆ ಬಿದ್ದೆ. ಇನ್ನುಳಿದದ್ದು ಒಂದು. ಏಪ್ರಿಲ್ ಇಪ್ಪತ್ತಾರಕ್ಕೆ.

ವಿವರವಾಗಿ ಬರೆ ಎನ್ನುತ್ತೀಯಲ್ಲ, ತಗೋ.

ಗುಡ್ಡಗಳ ನಡುವೆ ಇಳಿಯುತ್ತಿದ್ದೆವು. ಕಿಟಕಿಯಲ್ಲಿ ಮೋಡ, ಏನೂ ಕಾಣುವುದಿಲ್ಲ. ಅವಳು ಮೂರು ಮಾತು ಒಟ್ಟಿಗೆ ಹೇಳಿದಳು: ಯಾವ ಕಡೆ ತಿರುಗಬೇಕು, ಎಷ್ಟು ಎತ್ತರಕ್ಕೆ ಇಳಿಯಬೇಕು, ಆಮೇಲೆ ಯಾವ ಗುರುತಿನ ಜಾಗಕ್ಕೆ ಹೋಗಬೇಕು. ಮೂರನೆಯದನ್ನು ಹೇಳುವಾಗಲೇ ಉದ್ದಣ್ಣ ಗಂಟಲು ಸರಿಮಾಡಿಕೊಂಡ. ನನಗೆ ಕೇಳಿಸಲಿಲ್ಲ. ಎರಡನ್ನು ತಿರುಗಿ ಹೇಳಿದೆ. ಮೂರನೆಯದರ ಜಾಗದಲ್ಲಿ ಸುಮ್ಮನಾದೆ. ಯಂತ್ರವೂ ಸುಮ್ಮನಾಯಿತು.

ಹೆಬ್ಬೆರಳು ಮೈಕಿನ ಗುಂಡಿಯ ಮೇಲೇ ಇತ್ತು. "ಮತ್ತೆ ಹೇಳಿ" ಎಂದರೆ ಸಾಕಾಗಿತ್ತು. ಎರಡು ಪದ. ಅದನ್ನು ಹೇಳುವುದು ತಪ್ಪಲ್ಲ, ಪುಸ್ತಕದಲ್ಲೇ ಇದೆ, ಮೊದಲ ವಾರವೇ ಕಲಿಸುತ್ತಾರೆ. ಬಾಯಿ ಬರಲಿಲ್ಲ. ಯಾಕೆ ಗೊತ್ತೇ? ನನ್ನ ಕಿವಿಯಲ್ಲಿ ಆ ಯಂತ್ರದ ದನಿ ಇರಲಿಲ್ಲ, ನಿನ್ನ ದನಿ ಇತ್ತು. ನಿನ್ನ ಮೇಜಿನ ಕೆಳಗೆ ಹೋಂವರ್ಕ್ ಮಾಡುತ್ತಾ ಬೆಳೆದವಳು ನಾನು. ಯಾವನೋ ಪಾಪದ ಡ್ರೈವರ್ "ಏನಂದ್ರಮ್ಮಾ" ಎಂದರೆ ನೀನು "ಮುಂದಿನವರು" ಎನ್ನುತ್ತಿದ್ದೆಯಲ್ಲ, ಆ ದನಿ. ಮನೆಯಲ್ಲೂ ಅಷ್ಟೇ. ನಾನು ಮಗ್ಗಿ ಕೇಳಿದರೂ ಒಂದೇ ಸಲ, ದಾರಿ ಕೇಳಿದರೂ ಒಂದೇ ಸಲ. ಹೂಂ ಅನ್ನುವುದನ್ನು ನಾನು ಎಲ್ಲಿ ಕಲಿತೆ ಎಂದುಕೊಂಡಿದ್ದೀಯ?

ಹಾಗಾಗಿ ಕೇಳಲಿಲ್ಲ. ಊಹೆಯಿಂದ ಒಂದು ಜಾಗ ಒತ್ತಿದೆ. ಡಬ್ಬಿಗೆ ಅದು ಹೊಂದಲಿಲ್ಲ. ದಾರಿಯ ಪಟ್ಟಿಯ ನಡುವೆ ಖಾಲಿ ಚೌಕಗಳು ಬಂದವು. ಅದರ ಅರ್ಥ ದಾರಿ ಕಡಿದಿದೆ, ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ ಎಂದು. ಮುಂದಿನ ಜಾಗ ಗೊತ್ತಿಲ್ಲದ ವಿಮಾನ ಇದ್ದ ದಿಕ್ಕಿಗೇ ನೆಟ್ಟಗೆ ಹೋಗುತ್ತದೆ. ನಾನು ತಲೆ ತಗ್ಗಿಸಿ ಚೌಕಗಳನ್ನು ತುಂಬಿಸುತ್ತಾ ಕೂತಿದ್ದೆ. ಗುಡ್ಡ ಹತ್ತಿರವಾದ ಅಲಾರಂ ಕೂಗಿತು. ಉದ್ದಣ್ಣ ವಿಮಾನದ ಮೂತಿ ಎತ್ತಿದ. ಅಷ್ಟರಲ್ಲಿ ಎಲ್ಲ ನಿಂತಿತು. ಮೋಡ ನಿಂತಿತು, ಮುಳ್ಳುಗಳು ನಿಂತವು, ಅಲಾರಂ ಅರ್ಧ ಕೂಗಿನಲ್ಲಿ ನಿಂತಿತು. ಹಿಂದಿನಿಂದ ಗಡಿಯಾರ ಸರ್ ಗುಂಡಿ ಒತ್ತಿ ಆಕಾಶವನ್ನೇ ನಿಲ್ಲಿಸಿದ್ದರು.

"ಇಲ್ಲಿ ನಿಮಗೆ ಏನು ಗೊತ್ತಿರಲಿಲ್ಲ?" ಎಂದು ಕೇಳಿದರು.

ಕೇಳು ಎಂದು ಬರೆದು ಕಳಿಸಿದೆ. ಕೇಳಿಸಿಕೊಳ್ಳಲು ಪ್ರಾಣ ಹೋಗುವಷ್ಟು ಒದ್ದಾಡಿದೆ. ಇನ್ನು ನನಗೆ ಪತ್ರ ಬರೆಯಬೇಡ.

*

ಏಪ್ರಿಲ್ 12

ದೊಡ್ಡಮ್ಮ,

ನೀನು ಬರೆದಿಲ್ಲ. ಬರೆಯಬೇಡ ಎಂದದ್ದನ್ನು ಮೊದಲನೇ ಸಲಕ್ಕೇ ಹಿಡಿದುಕೊಂಡುಬಿಟ್ಟೆ.

ಈಗ ಹೇಳುತ್ತಿದ್ದೇನೆ, ಬರೆ. ಬೈದೇ ಬರೆ.

ಅಮ್ಮನನ್ನು ಕೇಳಿದರೆ ದೊಡ್ಡಮ್ಮ ಚೆನ್ನಾಗಿದ್ದಾಳೆ ಎನ್ನುತ್ತಾಳೆ, ಕೂಡಲೇ ಮಾತು ಬದಲಿಸುತ್ತಾಳೆ. ನಡುವೆ ಒಂದು ಮಾತು ಹೇಳಿದಳು. ವೈರ್‌ಲೆಸ್ ರೂಮಿನ ಫ್ಯಾನು ಎಷ್ಟು ಕಿರುಗುಟ್ಟುತ್ತದೆ ಎಂದರೆ ಅಲ್ಲಿ ಐದು ನಿಮಿಷ ಕೂರಲಾಗುವುದಿಲ್ಲವಂತೆ. ಕಿರುಗುಟ್ಟುವುದು ನಿಂತಿದೆ ಎಂದು ನೀನು ಬರೆದಿದ್ದೆಯಲ್ಲ?

ಪರೀಕ್ಷೆಗೆ ಮೊದಲೇ ಹೆಸರು ವಾಪಸು ತೆಗೆದುಕೊಂಡು ಬಂದುಬಿಡೋಣ ಎನ್ನಿಸುತ್ತಿದೆ. ಬಿದ್ದು ಬರುವುದಕ್ಕಿಂತ ನಡೆದು ಬರುವುದು ಮರ್ಯಾದೆ. ಅದಕ್ಕೆ ಕಾಗದ ತುಂಬಿಸಿ ಇಟ್ಟಿದ್ದೇನೆ, ಇನ್ನೂ ಕೊಟ್ಟಿಲ್ಲ.

ಮಿಡತೆ

*

ಏಪ್ರಿಲ್ 16

ಮಿಡತೆ,

ಬರೆಯಬೇಡ ಎಂದೆ, ಬರೆಯಲಿಲ್ಲ. ಬರೆ ಎಂದೆ, ಬರೆಯುತ್ತಿದ್ದೇನೆ.

ಆ ಕಾಗದ ಹರಿದು ಹಾಕು. ಮೊದಲು ಹರಿ, ಆಮೇಲೆ ಮುಂದೆ ಓದು.

ಹೋದ ವಾರ ಇಲ್ಲಿ ಒಂದು ಸಂಗತಿ ನಡೆಯಿತು. ನಮ್ಮ ಕಾಯಂ ಗಿರಾಕಿಯ ಸೊಸೆ ಫೋನ್ ಮಾಡಿದಳು. ಮಾವನಿಗೆ ಎರಡೂ ಕಿಡ್ನಿ ಹೋಗಿವೆ, ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕು, ಹೊತ್ತು ತಪ್ಪಿದರೆ ಅವನ ಮೆಷಿನ್ ಇನ್ನೊಬ್ಬರಿಗೆ ಹೋಗುತ್ತದೆ. ಅವತ್ತು ಮಾವ ಮಗಳ ಮನೆಯಲ್ಲಿದ್ದನಂತೆ, ಹೊಸ ವಿಳಾಸ ಹೇಳಿದಳು. ನಾನು ಹದಿನಾರನೇ ಅಡ್ಡರಸ್ತೆ ಎಂದು ಮೀಸೆಯನ್ನು ಕಳಿಸಿದೆ. ಅವನು ಹದಿನಾರು ಎಂದು ತಿರುಗಿ ಹೇಳಿದ. ನಿಯಮ ಪ್ರಕಾರ ಎಲ್ಲ ಸರಿ. ಮುದುಕ ಕಾಯುತ್ತಾ ಕೂತಿದ್ದದ್ದು ಹದಿಮೂರನೇ ಅಡ್ಡರಸ್ತೆಯಲ್ಲಿ. ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು, ಬಿಸಿಲಿನಲ್ಲಿ.

ಜೀವಕ್ಕೇನೂ ಆಗಲಿಲ್ಲ. ಮೆಷಿನ್ ಬೇರೆಯವರಿಗೆ ಹೋಗಿ ಸಂಜೆ ತನಕ ಆಸ್ಪತ್ರೆಯ ಬೆಂಚಿನ ಮೇಲೆ ಕಾದನಂತೆ, ಕಾಲು ದಿಂಬಿನ ಹಾಗೆ ಊದಿತ್ತಂತೆ. ಮೀಸೆ ವಾಪಸು ಬಂದ ಮೇಲೆ ಎಲ್ಲರ ಎದುರಿಗೆ ನಿಲ್ಲಿಸಿಕೊಂಡೆ.

"ಹದಿನಾರನೇ ಅಡ್ಡರಸ್ತೇಲಿ ಇರೋದು ಬರೀ ಗೋದಾಮು ಅಮ್ಮಾ. ಅಲ್ಲಿ ಯಾವ ಪೇಶೆಂಟು?" ಎಂದ.

"ಗೋದಾಮು ಅಂತ ಗೊತ್ತಿದ್ದೂ ಯಾಕೋ ಹೋದೆ?"

"ನೀವು ಹದಿನಾರು ಅಂದ್ರಿ. ನಾನೂ ಹದಿನಾರು ಅಂದೆ. ಅಲ್ಲಿಗೆ ನಿಮ್ಮ ರೂಲ್ಸು ಮುಗೀತು."

"ಅನುಮಾನ ಬಂದ್ರೆ ಕೇಳ್ಬೇಕು ತಾನೇ?"

"ಕೇಳೋದಾ? ನಿಮ್ಮನ್ನಾ? ಎರಡನೇ ಸಲ?" ಎಂದ.

ಸುತ್ತ ಇದ್ದವರೆಲ್ಲ ನಕ್ಕರು. ನಕ್ಕದ್ದು ನನಗೆ ಕಾಣಿಸಿತು.

ಆ ರಾತ್ರಿ ನಿನ್ನ ಏಪ್ರಿಲ್ ಒಂದರ ಪತ್ರವನ್ನು ಮತ್ತೆ ತೆಗೆದೆ. ಮೊದಲನೇ ಸಲ ಓದಿದಾಗ ಇವಳಿಗೆ ಎಷ್ಟು ಕೊಬ್ಬು ಎಂದುಕೊಂಡಿದ್ದೆ. ಇನ್ನೊಂದು ಸಲ ಓದಿದೆ. ಕೊಬ್ಬು ಇದೆ, ಅದು ಬೇರೆ ಮಾತು.

ಈಗ ಸರಿಯಾಗಿ ಓದು. ಕೇಳು ಎಂದು ಬರೆದಿದ್ದೆ. ನೀನು ಅದನ್ನು ಕಿವಿಗೆ ಹೇಳಿದ್ದು ಎಂದುಕೊಂಡೆ. ನಾನೂ ಕಿವಿಗೇ ಹೇಳಿದ್ದೆ. ಈಗ ಅದೇ ಪದವನ್ನು ಬಾಯಿಗೆ ಹೇಳುತ್ತಿದ್ದೇನೆ. ಕೇಳು. ಒಂದು ಸಲ ಕೇಳು, ಎರಡನೇ ಸಲ ಕೇಳು, ಆ ಯಂತ್ರದ ಹೆಂಗಸು ಕುರ್ಚಿ ಬಿಟ್ಟು ಎದ್ದು ಓಡುವ ತನಕ ಕೇಳು. ಎರಡನೇ ಸಲ ಕೇಳಿದವರಿಗೆ ಬಾಡಿಗೆ ಇಲ್ಲ ಎಂಬ ರೂಲ್ಸು ಸೋಮವಾರದಿಂದ ನಮ್ಮ ಆಫೀಸಿನಲ್ಲಿ ರದ್ದು. ಗೋಡೆಯ ಮೇಲೆ ಬರೆಸಿದ್ದೇನೆ. ಮೀಸೆಯೇ ಬರೆದದ್ದು, ಅಕ್ಷರ ಕೋಳಿ ಕೆದಕಿದ ಹಾಗಿದೆ.

ಇನ್ನು ಅಭ್ಯಾಸ. ಕೆಳಗಿನ ಸಾಲನ್ನು ಬೇಕೆಂದೇ ಕಡಿದು ಬರೆದಿದ್ದೇನೆ, ನಿನ್ನ ಡಬ್ಬಿಯ ಚೌಕಗಳ ಹಾಗೆ. ಊಹೆ ಮಾಡಿ ತುಂಬಿಸಿದರೆ ಬಸ್ಸು ಹತ್ತಿ ಬಂದು ಕೆನ್ನೆಗೆ ಕೊಡುತ್ತೇನೆ.

ಸೋಮವಾರದಿಂದ ನಾನು □□□□□□, ಯಾಕೆಂದರೆ ನನ್ನ □□□□□□.

ದೊಡ್ಡಮ್ಮ

*

ಏಪ್ರಿಲ್ 19

ದೊಡ್ಡಮ್ಮ,

ತಿರುಗಿ ಹೇಳುತ್ತೇನೆ. ಕಾಗದ ಹರಿಯಬೇಕು: ಹರಿದೆ. ಕೇಳಬೇಕು, ಬಾಯಿಂದ. ರೂಲ್ಸು ಸೋಮವಾರದಿಂದ ರದ್ದು. ಸೋಮವಾರದಿಂದ ನೀನು ಏನೋ, ಯಾಕೆಂದರೆ ನಿನ್ನದು ಏನೋ.

ಈ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಫ್ಯಾನಿನ ಸದ್ದು ನಿಂತದ್ದು, ಫೋನು ಎತ್ತದಿದ್ದದ್ದು, ಮೀಸೆಯ ಸ್ಪೀಕರು, ಹದಿಮೂರು ಹದಿನಾರಾದದ್ದು, ಎಲ್ಲವನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಚೌಕಗಳು ತಾವಾಗಿ ತುಂಬಿಕೊಳ್ಳಲು ಬಂದವು. ದೀಪದ ಗುಂಡಿ ಹತ್ತಿದ ಹಾಗೆ. ಒತ್ತಲಿಲ್ಲ. ಮತ್ತೆ ಕೇಳಿದರೆ ನಿನಗೆ ಕೋಪ ಬರುತ್ತದೆ ಎಂದೂ ಗೊತ್ತು.

ನನಗೆ ಕೇಳಿಸಲಿಲ್ಲ ದೊಡ್ಡಮ್ಮ. ಮತ್ತೆ ಹೇಳು.

ಮಿಡತೆ

*

ಏಪ್ರಿಲ್ 22

ಮಿಡತೆ,

ಮತ್ತೆ ಹೇಳುತ್ತೇನೆ.

ಸೋಮವಾರದಿಂದ ನಾನು ವೈರ್‌ಲೆಸ್ ಮುಂದೆ ಕೂರುವುದಿಲ್ಲ, ಯಾಕೆಂದರೆ ನನ್ನ ಕಿವಿ ಹೋಗಿದೆ.

ಎಡಗಡೆಯದು ಪೂರ್ತಿ. ಬಲಗಡೆಯದು ತನಗೆ ಬೇಕೆನ್ನಿಸಿದಾಗ ಕೆಲಸ ಮಾಡುತ್ತದೆ, ನಿನ್ನ ಚಿಕ್ಕಪ್ಪನ ಹಾಗೆ. ಡಾಕ್ಟರ್ ಪೆಟ್ಟಿಗೆಯಂಥ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಬಂದಾಗ ಕೈ ಎತ್ತಿ ಎಂದ. ಕೈ ಎತ್ತದೆ ಕೂತೇ ಇದ್ದೆ. ಯಂತ್ರ ಕೆಟ್ಟಿದೆ ಎಂದೆ. ಅವನು ತನ್ನ ಕಿವಿಗೆ ಹಾಕಿಕೊಂಡು ನೋಡಿದ. ಕೆಟ್ಟಿರಲಿಲ್ಲ. ಕೋಣ, ಕಿನ್ನರಿ ಎಂದು ನಿನಗೆ ಬರೆದಿದ್ದೆನಲ್ಲ, ಕೋಣ ಇಲ್ಲೇ ಇತ್ತು.

ನಿನ್ನ ಹೂಂಗಳಿಗೂ ಅಷ್ಟೇ. ನೀನು ಫೋನಿನಲ್ಲಿ ಹೂಂ ಅಂದ ಮೇಲೆ ಬೇರೆ ಏನಾದರೂ ಹೇಳಿದ್ದೆಯೋ ಏನೋ, ನನಗೆ ತಲುಪಿದ್ದು ಹೂಂ ಮಾತ್ರ. ಪತ್ರ ಬರೆ ಎಂದದ್ದು ಅದಕ್ಕೆ. ನಾಚಿಕೆ ಅದು ಇದು ಎಂದದ್ದೆಲ್ಲ ಅಲಂಕಾರ.

ಮೀಸೆ ಈಗ ನನ್ನ ಕುರ್ಚಿಯಲ್ಲಿದ್ದಾನೆ. ನಾನು ಹೊರಗೆ ಬೆಂಚಿನ ಮೇಲೆ ಕೂತು ಗಾಡಿಗಳ ಟೈರು, ದೀಪ ನೋಡುತ್ತೇನೆ. ಕಣ್ಣು ಚೆನ್ನಾಗಿದೆ. ಡ್ರೈವರುಗಳು ಮೀಸೆಯನ್ನು ಏನಂದೆ ಏನಂದೆ ಎಂದು ಕೇಳಿ ಕೇಳಿ ಸಾಯಿಸುತ್ತಿದ್ದಾರಂತೆ, ಅವನ ಮುಖ ನೋಡಿದರೆ ಗೊತ್ತಾಗುತ್ತದೆ. ಇದೊಂದು ನನಗೆ ಸಂತೋಷ ಕೊಟ್ಟಿದೆ.

ಇಪ್ಪತ್ತಾರಕ್ಕೆ ಹೋಗು. ಬಿದ್ದರೆ ಬಿದ್ದೆ, ಹೊಲಿಗೆ ಮೆಷಿನ್ ಇನ್ನೊಂದು ಕೊಳ್ಳೋಣ. ಆದರೆ ಕೇಳದೆ ಬಿದ್ದು ಬಂದರೆ ಬಾಗಿಲು ತೆಗೆಯುವುದಿಲ್ಲ. ಎಷ್ಟು ಬಡಿದರೂ ಪ್ರಯೋಜನವಿಲ್ಲ, ನನಗೆ ಕೇಳಿಸುವುದೂ ಇಲ್ಲ.

ದೊಡ್ಡಮ್ಮ

*

ಏಪ್ರಿಲ್ 27

ದೊಡ್ಡಮ್ಮ,

ನಡೆದ ಕ್ರಮದಲ್ಲೇ ಬರೆಯುತ್ತೇನೆ. ಕೊನೆಯ ಸಾಲಿಗೆ ಹಾರಬೇಡ.

ಒಳಗೆ ಹೋಗುವಾಗ ಉದ್ದಣ್ಣ ತಲೆ ಬಡಿಸಿಕೊಂಡ. ಗಡಿಯಾರ ಸರ್ ಹಿಂದಿನ ಕುರ್ಚಿಯಲ್ಲಿ ಕೂತರು. ಬಾಗಿಲು ಮುಚ್ಚಿತು, ಕೋಣೆ ಎದ್ದಿತು. ಏರುವುದು ಸರಿಯಾಯಿತು, ಗುಡ್ಡಗಳ ನಡುವಿನ ದಾರಿ ಸರಿಯಾಯಿತು.

ಇಳಿಯುವ ಮೊದಲು ಅವಳು ರನ್‌ವೇ ಬದಲಾಯಿಸಿದಳು. ಅದೇ ಹೊತ್ತಿಗೆ ಇನ್ನೊಂದು ವಿಮಾನದ ದನಿ ಅಡ್ಡ ಬಂತು, ಅದನ್ನೂ ಸರ್ ಬೇಕೆಂದೇ ಬಿಟ್ಟದ್ದು. ನನಗೆ ಸಿಕ್ಕಿದ್ದು ಒಂದು ಮೂರು, ಒಂದು ಒಂದು, ಯಾವುದು ಮುಂದೆ ಯಾವುದು ಹಿಂದೆ ಗೊತ್ತಿಲ್ಲ. ಹೆಬ್ಬೆರಳು ಮೈಕಿನ ಗುಂಡಿಯ ಮೇಲೆ. ಮೇಜಿನ ಕೆಳಗೆ ಕೂತಿದ್ದ ಹುಡುಗಿಗೆ ಮುಂದಿನವರು ಎಂಬ ದನಿ ಕೇಳಿಸಿತು. ಇಲ್ಲವೆಂದು ಸುಳ್ಳು ಹೇಳುವುದಿಲ್ಲ.

"ಮತ್ತೆ ಹೇಳಿ" ಎಂದೆ.

ಅವಳು ಹೇಳಿದಳು. ಮತ್ತೆ ಅಡ್ಡ ದನಿ. ಮತ್ತೆ ಅರ್ಧ. ಹಿಂದೆ ಸರ್ ಪೆನ್ನು ತೆಗೆದ ಸದ್ದಾಯಿತು. ವಿಮಾನ ಇಳಿಯುತ್ತಲೇ ಇತ್ತು. ಉದ್ದಣ್ಣ ಬೇಗ ಬೇಗ ಎಂಬಂತೆ ನನ್ನ ಕಡೆ ನೋಡಿದ, ಕೈಯಲ್ಲೇ ಡಬ್ಬಿ ತೋರಿಸಿದ. ಒತ್ತಿಬಿಡು ಎಂದು.

ಎರಡನೇ ಸಲ ಕೇಳಿದೆ ದೊಡ್ಡಮ್ಮ. "ರನ್‌ವೇ ನಂಬರ್ ಮತ್ತೆ ಹೇಳಿ."

ಯಂತ್ರಕ್ಕೆ ಸಿಟ್ಟು ಬರುವುದಿಲ್ಲ. ಅದೇ ದನಿಯಲ್ಲಿ, ಮೊದಲ ಸಲ ಹೇಳುತ್ತಿರುವ ಹಾಗೆ ಹೇಳಿದಳು. ಮೂರು-ಒಂದು. ತಿರುಗಿ ಹೇಳಿದೆ. ಸರಿ ಎಂದಳು. ಒತ್ತಿದೆ. ದಾರಿ ನಡುವೆ ಕಡಿಯಿತು, ಚೌಕಗಳು ಬಂದವು, ತಲೆ ಎತ್ತಿ "ನೀನು ಹಾರಿಸ್ತಾ ಇರು, ನಾನು ಸೇರಿಸ್ತೀನಿ" ಎಂದು ಉದ್ದಣ್ಣನಿಗೆ ಹೇಳಿಯೇ ಸೇರಿಸಿದೆ. ದೀಪ ಹತ್ತಿತು. ಒತ್ತುವ ಮೊದಲು ಅವನನ್ನು ಕೇಳಿದೆ:

"ಮೂರು-ಒಂದು. ನೋಡಿ ಹೇಳು."

"ಹೂಂ" ಎಂದ.

"ಹೂಂ ಅಲ್ಲ. ನಂಬರ್ ಹೇಳು."

ಹಿಂದಿನಿಂದ ಗಡಿಯಾರ ಸರ್ ನಕ್ಕರು. ಇಲ್ಲಿ ಯಾರೂ ಅವರ ನಗು ಕೇಳಿದ್ದಿಲ್ಲವಂತೆ.

ಇಳಿದೆವು. ಸರಿಯಾದ ತುದಿಯಿಂದ. ಪಾಸು.

ಸರ್ ಕಾಗದಕ್ಕೆ ಸಹಿ ಹಾಕುತ್ತಾ, "ಎರಡನೇ ಸಲ ಕೇಳದಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ. ಯಾರು ಕಲಿಸಿದ್ದು?" ಎಂದು ಕೇಳಿದರು. ನಮ್ಮ ದೊಡ್ಡಮ್ಮ ಎಂದೆ. ಅವರೂ ಪೈಲಟ್ಟಾ ಎಂದರು. ಇಲ್ಲ ಸರ್, ಟೈರು ನೋಡ್ತಾರೆ ಎಂದೆ.

ಈಗ ನಾನು ಕೇಳುತ್ತೇನೆ. ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಡುತ್ತಾರಲ್ಲ, ಡಾಕ್ಟರ್ ಅದನ್ನು ಹೇಳಲಿಲ್ಲವೇ? ನಿನ್ನ ಪತ್ರದಲ್ಲಿ ಅದು ಇಲ್ಲ. ಮೂರು ಕೋಣೆ ತೋರಿಸಿ ನಾಲ್ಕನೆಯದಕ್ಕೆ ಬೆನ್ನು ಕೊಟ್ಟಿದ್ದೀಯ.

ಮಿಡತೆ

*

ಏಪ್ರಿಲ್ 30

ಮಿಡತೆ,

ತಿರುಗಿ ಹೇಳುತ್ತೇನೆ. ಮೂರು-ಒಂದು. ಸರಿಯಾದ ತುದಿ. ಪಾಸು. ನಿನ್ನ ಅಮ್ಮನಿಗೆ ಓದಿ ಹೇಳಿದೆ. ಅವಳು ಮತ್ತೆ ಮೆಷಿನ್ನಿನ ಮೇಲೆ ತಲೆಯಿಟ್ಟಳು. ಈ ಸಲ ಬಟ್ಟೆ ಕಿತ್ತುಕೊಳ್ಳಲಿಲ್ಲ.

ಡಾಕ್ಟರ್ ಹೇಳಿದ್ದ. ನಾನೇ ಬೇಡ ಎಂದಿದ್ದೆ. ನಿನ್ನೆ ಹೋಗಿ ಹಾಕಿಸಿಕೊಂಡು ಬಂದೆ. ಕಿವಿಯೊಳಗೆ ಹುಳ ಹೊಕ್ಕ ಹಾಗಿದೆ. ಬೇಕಾದದ್ದರ ಜೊತೆ ಬೇಡದ್ದನ್ನೂ ಕೇಳಿಸುತ್ತದೆ. ಆ ದರಿದ್ರ ಫ್ಯಾನಿಗೆ ಎಣ್ಣೆ ಬಿಡಿಸಿದೆ.

ಫೋನಿನ ದನಿ ಮಾತ್ರ ಇನ್ನೂ ಕಡಿದು ಕಡಿದು ಬರುತ್ತದೆ. ಮಾತಿನ ನಡುವೆ ಚೌಕಗಳು. ಊಹೆ ಮಾಡಿ ತುಂಬಿಸುವ ಅಭ್ಯಾಸ ನನಗಿತ್ತು, ಬಿಟ್ಟಿದ್ದೇನೆ.

ಭಾನುವಾರ ಫೋನ್ ಮಾಡು. ಕೇಳುತ್ತೇನೆ. ಕೇಳಿಸದಿದ್ದರೆ, ಮತ್ತೆ ಕೇಳುತ್ತೇನೆ.

ದೊಡ್ಡಮ್ಮ